ಪ್ಯೂನ್, ಪೇದೆ, ಪಾನ್: ಒಂದೇ ಮನೆತನದ ಕಾಲಾಳುಗಳು

ಆಫೀಸಿನಲ್ಲಿ ಫೈಲು ಹೊರುವ ಪ್ಯೂನ್, ಪೊಲೀಸ್ ಠಾಣೆಯ ಪೇದೆ, ಚೆಸ್ ಬೋರ್ಡಿನ ಮುಂದಿನ ಸಾಲಿನಲ್ಲಿ ನಿಲ್ಲುವ ಪಾನ್. ಈ ಮೂವರೂ ಒಂದೇ ಮನೆತನದವರು ಎಂದರೆ ನಂಬುತ್ತೀರಾ? ಮೂರು ಹೆಸರಿಗೂ ಮೂಲದಲ್ಲಿ ಅರ್ಥ ಒಂದೇ: ನಡೆದುಕೊಂಡು ಯುದ್ಧಕ್ಕೆ ಹೋಗುವವನು, ಕಾಲಾಳು. ಸಂಸ್ಕೃತದ ಪದಾತಿ, ಪಾರ್ಸಿಯ ಪಿಯಾದಾ, ಲ್ಯಾಟಿನ್ನಿನ ಪೆಡೊ ಎಲ್ಲವೂ ಪಾದದಿಂದ ಹುಟ್ಟಿದ ಮಾತುಗಳು. ಪಿಯಾದಾ ನಮ್ಮಲ್ಲಿಗೆ ಬಂದು ಪ್ಯಾದೆ, ಪೇದೆ ಆಯಿತು. ಲ್ಯಾಟಿನ್ ಪದ ಪೋರ್ಚುಗೀಸರ ಹಡಗು ಹತ್ತಿ ಬಂದು ಪ್ಯೂನ್ ಆಯಿತು, ಫ್ರೆಂಚರ ಬಾಯಲ್ಲಿ ಹಾದು ಇಂಗ್ಲಿಷರ ಪಾನ್ ಆಯಿತು. ಎಲ್ಲಿಗೆ ಹೋದರೂ ಪಾಪ, ಕೊನೆಯ ಕುರ್ಚಿಯೇ ಅವನಿಗೆ. ಕೆಲವೊಮ್ಮೆ ಕುರ್ಚಿಯೂ ಇಲ್ಲ, ಸ್ಟೂಲು.

ನಮ್ಮ ಕನ್ನಡದ 'ಆಳು' ಮಾತ್ರ ವಿಚಿತ್ರ ಪದ. ಆಳು ಎಂದರೆ ಸೇವಕ, ಸೈನಿಕನೂ ಹೌದು. ಅದೇ 'ಆಳು' ಕ್ರಿಯಾಪದವಾದರೆ ರಾಜ್ಯಭಾರ ಮಾಡು ಎಂದರ್ಥ. 'ಆಳಾಗಿ ದುಡಿ, ಅರಸಾಗಿ ಉಣ್ಣು' ಎಂಬ ಗಾದೆ ಹೇಳುವಾಗ ನಾವು ಇದನ್ನು ಗಮನಿಸುವುದೇ ಇಲ್ಲ.

ಲೆಕ್ಕಕ್ಕೆ ಬಂದರೆ ಸೈನ್ಯದಲ್ಲಿ ಹೆಚ್ಚಿನವನು ಯಾವತ್ತೂ ಕಾಲಾಳೇ. ಮಹಾಭಾರತದ ಒಂದು ಅಕ್ಷೌಹಿಣಿಯಲ್ಲಿ 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು. ಕುರುಕ್ಷೇತ್ರಕ್ಕೆ ಸೇರಿದ್ದು 18 ಅಕ್ಷೌಹಿಣಿ. ಗುಣಿಸಿದರೆ ಕಾಲಾಳುಗಳೇ 19,68,300. ನಾನು ಎಕ್ಸೆಲ್‌ ಮನುಷ್ಯ, ಸಂಖ್ಯೆ ಕಂಡರೆ ಗುಣಿಸದೆ ಬಿಡಲಾರೆ. ಆದರೆ ಆ ಸುಮಾರು ಇಪ್ಪತ್ತು ಲಕ್ಷದಲ್ಲಿ ಒಬ್ಬನ ಹೆಸರು ಹೇಳಿ ನೋಡೋಣ. ನಮಗೆ ನೆನಪಿರುವವರೆಲ್ಲ ರಥದ ಮೇಲೆ ನಿಂತವರು.

ಊರುಗಳಲ್ಲೂ ಹಾಗೇ. ದೆಹಲಿಯ ಕನ್ನಡಿಗರು ದಿನವೂ ಹಾದುಹೋಗುವ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಮೈಸೂರು, ಹೈದರಾಬಾದ್, ಜೋಧಪುರ ಸಂಸ್ಥಾನಗಳ ಅಶ್ವದಳದ ನೆನಪಿಗೆ ನಿಂತಿವೆ. 1918ರ ಸೆಪ್ಟೆಂಬರಿನಲ್ಲಿ ಹೈಫಾ ಊರನ್ನು ಗೆದ್ದ ಕೀರ್ತಿ ಮೈಸೂರು ಮತ್ತು ಜೋಧಪುರದ ಸವಾರರದು. ಅವರಿಗೆ ಆ ಗೌರವ ಸಲ್ಲಲೇಬೇಕು. ಅದೇ ಊರಿನ ಇಂಡಿಯಾ ಗೇಟಿನ ಮೇಲೆ 13 ಸಾವಿರಕ್ಕೂ ಹೆಚ್ಚು ಹೆಸರುಗಳನ್ನು ಕೆತ್ತಿದ್ದಾರೆ. ಐಸ್‌ಕ್ರೀಮ್ ತಿನ್ನುತ್ತಾ ನಿಂತವರಲ್ಲಿ ಒಂದು ಹೆಸರನ್ನಾದರೂ ಓದುತ್ತಿದ್ದವರನ್ನು ನಾನಂತೂ ಕಂಡಿಲ್ಲ.

ಕುದುರೆಯ ಈ ಗತ್ತು ನಮ್ಮ ದೇಶದಲ್ಲಿ ಇಳಿಯತೊಡಗಿದ್ದು ಚೆನ್ನೈಯಲ್ಲಿ, ಅಡ್ಯಾರ್ ನದಿಯ ದಡದಲ್ಲಿ. 1746ರಲ್ಲಿ ಆರ್ಕಾಟ್ ನವಾಬನ ಸುಮಾರು ಹತ್ತು ಸಾವಿರದ ಸೈನ್ಯವನ್ನು ಫ್ರೆಂಚರ ಸಾವಿರದಷ್ಟು ಕಾಲಾಳುಗಳು ಓಡಿಸಿಬಿಟ್ಟರು. ಆ ಸಾವಿರದಲ್ಲಿ ಬಹುಪಾಲು ನಮ್ಮವರೇ ಆದ ಸಿಪಾಯಿಗಳು. ಗುಟ್ಟು ಶೌರ್ಯದಲ್ಲಿ ಇರಲಿಲ್ಲ, ಕವಾಯತಿನಲ್ಲಿತ್ತು. ಒಂದು ಸಾಲು ಗುಂಡು ಹಾರಿಸುವಾಗ ಇನ್ನೊಂದು ಸಾಲು ಮದ್ದು ತುಂಬಿಕೊಳ್ಳುತ್ತಿತ್ತು, ಎದುರಿಗೆ ಬಂದ ಕುದುರೆಗೆ ಸಾಲಾಗಿ ಚಾಚಿದ ಬಯೊನೆಟ್ಟುಗಳು ಕಾಣುತ್ತಿದ್ದವು. ಜೊತೆಗೆ ಹಣದ ವಿಷಯವೂ ಇತ್ತು. ಸ್ವಂತ ಕುದುರೆ ತಂದು ಸೇರುವ ಶಿಲೇದಾರನಿಗೆ ಕುದುರೆ ಸತ್ತರೆ ಹೊಟ್ಟೆಪಾಡೇ ಹೋಯಿತು, ಹಾಗಾಗಿ ಅವನು ಗುಂಡಿನೆದುರು ನುಗ್ಗಲು ಹಿಂದೆಮುಂದೆ ನೋಡುವುದು ಸಹಜ. ಕಾಲಾಳಿನ ಬಳಿ ಕಳೆದುಕೊಳ್ಳಲು ಇದ್ದದ್ದು ಪ್ರಾಣ ಒಂದೇ, ಅದಕ್ಕೆ ಯಾರೂ ಬೆಲೆ ಕಟ್ಟುತ್ತಿರಲಿಲ್ಲ.

ಮೈಸೂರಿನ ಹೈದರ್ ಮತ್ತು ಟಿಪ್ಪು ಈ ಪಾಠವನ್ನು ಬೇಗ ಕಲಿತರು. ಟಿಪ್ಪುವಿನ ಕಾಲಾಳು ಪಡೆ ಕುಶೂನ್ ಎಂಬ ತುಕಡಿಗಳಾಗಿ ಕವಾಯತು ಮಾಡುತ್ತಿತ್ತು. ಇದರ ಹೊರಗೆ ಹಳ್ಳಿಗಾಡಿನಲ್ಲಿ ಇನ್ನೊಂದು ಬಗೆಯ ಕಾಲಾಳುಗಳಿದ್ದರು, ಅವರದು ಕಂದಾಚಾರ ಇಲಾಖೆ. ಹೌದು, ಈಗ ನಾವು ಮೂಢ ಸಂಪ್ರದಾಯಕ್ಕೆ ಹೇಳುವ ಅದೇ ಪದ, ಹಳೆಯ ಮೈಸೂರಿನಲ್ಲಿ ಸೈನ್ಯದ ಇಲಾಖೆಯ ಹೆಸರಾಗಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಈ ಆಳುಗಳಿಗೆ ಕಾವಲು, ಪೊಲೀಸು, ಕಂದಾಯದ ಕೆಲಸಗಳು ಬಿದ್ದವು. ಈಟಿ ಹಿಡಿದ ಕೈಗೆ ಕಾಗದ ಬಂತು. ಮೊದಲು ಹೇಳಿದ ಪೇದೆ ಮತ್ತು ಪ್ಯೂನ್ ಹುಟ್ಟಿದ್ದು ಇಂಥ ಕಡೆಯೇ.

ಪುಣೆಯ ನಮ್ಮ ಸೊಸೈಟಿಯ ಸೆಕ್ಯುರಿಟಿ ಸೂಪರ್‌ವೈಸರ್ ಬೆಳಗಾವಿ ಕಡೆಯವರು, ಇನ್‌ಫೆಂಟ್ರಿಯಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಕನ್ನಡ ಸಿಕ್ಕ ಖುಷಿಗೆ ನಾವು ಮನೆಯವರೆಲ್ಲ ಅವರನ್ನು ಕಾಕಾ ಎನ್ನುತ್ತೇವೆ. ಯುದ್ಧದ ಕಥೆ ಕೇಳಿದರೆ ಕಾಕಾ ಕಾಲುಚೀಲದ ಕಥೆ ಹೇಳುತ್ತಾರೆ. "ಬಂದೂಕು ಆಮ್ಯಾಲ್ರೀ ಸಾಹೇಬ್ರ, ಮೊದ್ಲ ಕಾಲು." ದೂರದ ಮಾರ್ಚ್ ಮುಗಿದ ಮೇಲೆ ಜವಾನರು ಬೂಟು ಬಿಚ್ಚಿ ಕೂರಬೇಕು, ಅಧಿಕಾರಿ ಬಂದು ಒಬ್ಬೊಬ್ಬರ ಪಾದ ನೋಡಬೇಕು: ಬೊಬ್ಬೆ ಎದ್ದಿದೆಯೇ, ಬೆರಳ ಸಂದಿ ಒಣಗಿದೆಯೇ. ಅತಿ ದೊಡ್ಡ ಅಧಿಕಾರದವನು ಅತಿ ಸಣ್ಣವನ ಪಾದದ ಮುಂದೆ ಬಗ್ಗುವ ಜಾಗ ನನಗೆ ತಿಳಿದಂತೆ ಇದೊಂದೇ. ನಮ್ಮ ಐಟಿಯಲ್ಲಿ ಮನುಷ್ಯನನ್ನು 'ರಿಸೋರ್ಸ್' ಎಂದು ಎಣಿಸುತ್ತೇವೆ. ರಿಸೋರ್ಸಿನ ಪಾದ ನೋಡಿದವರಿಲ್ಲ.

ಇದು ಹಳೆಯ ಕಾಲದ ಮಾತಲ್ಲ. 1999ರ ಕಾರ್ಗಿಲ್‌ನಲ್ಲಿ ಕೆಳಗಿನಿಂದ ಬೋಫೋರ್ಸ್ ಗುಡುಗಿತು, ಮೇಲಿನಿಂದ ವಿಮಾನಗಳು ಬಾಂಬು ಹಾಕಿದವು. ಆದರೂ ಜೂನ್ 13ರಂದು ತೋಲೋಲಿಂಗ್, ಜುಲೈ 4ರಂದು ಟೈಗರ್ ಹಿಲ್ ನಮ್ಮದಾದದ್ದು ರಾತ್ರಿಯ ಕತ್ತಲಲ್ಲಿ ಬಂಡೆ ಹಿಡಿದು ಹತ್ತಿದ ಹುಡುಗರಿಂದ. ಬಾಂಬು ಶತ್ರುವನ್ನು ಕೊಲ್ಲಬಹುದು, ಶಿಖರದ ಮೇಲೆ ನಿಲ್ಲಲು ಅದಕ್ಕೆ ಕಾಲಿಲ್ಲ.

ಹೆಸರಿಲ್ಲದವನ ಹೆಸರನ್ನು ಕಲ್ಲಿನಲ್ಲಿ ಬರೆದಿಡುವ ರೂಢಿ ನಮ್ಮ ಕನ್ನಡ ನಾಡಿನಲ್ಲಿತ್ತು ಎಂಬುದು ನನಗೆ ಹೆಮ್ಮೆಯ ಸಂಗತಿ. ವೀರಗಲ್ಲಿನ ಕೆಳಗಿನ ಪಟ್ಟಿಯಲ್ಲಿ ಕತ್ತಿಯೋ ಬಿಲ್ಲೋ ಹಿಡಿದು ಹೋರಾಡುವವನು ಬಹಳ ಸಲ ಊರಿನ ದನ ಬಿಡಿಸಲು ಹೋಗಿ ಸತ್ತ ಸಾಮಾನ್ಯ ಆಳು. ನಡುವೆ ಅವನನ್ನು ಅಪ್ಸರೆಯರು ಕರೆದೊಯ್ಯುತ್ತಾರೆ, ಮೇಲೆ ಅವನು ಶಿವಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ಬೆಂಗಳೂರು ಎಂಬ ಹೆಸರು ಮೊದಲ ಬಾರಿಗೆ ಸಿಗುವುದೂ ಇಂಥ ಕಲ್ಲಿನಲ್ಲೇ. ಬೇಗೂರಿನ ಆ ಶಾಸನ ಕ್ರಿ.ಶ. 890ರ ಸುಮಾರಿನದು, ಬೆಂಗಳೂರಿನ ಕಾಳಗದಲ್ಲಿ ಮಡಿದವರ ನೆನಪಿನದು.

ಎಷ್ಟೋ ಹಳ್ಳಿಗಳಲ್ಲಿ ವೀರಗಲ್ಲು ಬಟ್ಟೆ ಒಗೆಯುವ ಕಲ್ಲಾಗಿದೆ, ಮೋರಿಯ ಮೇಲಿನ ಚಪ್ಪಡಿಯಾಗಿದೆ. ಬೆಂಗಳೂರು ಸುತ್ತಲಿನ ಶಾಸನಗಳನ್ನು ಮಿಥಿಕ್ ಸೊಸೈಟಿಯವರು ತ್ರೀಡಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ, ಸವೆದ ಅಕ್ಷರಗಳೂ ಅದರಲ್ಲಿ ಮೇಲೆದ್ದು ಕಾಣುತ್ತವೆ. ಹಬ್ಬಕ್ಕೆ ಊರಿಗೆ ಹೋದಾಗ ನಿಮ್ಮ ಕೆರೆ ಏರಿಯ ಮೇಲೆ, ಗುಡಿಯ ಹಿಂದೆ ಒಮ್ಮೆ ನೋಡಿ. ಕಲ್ಲು ಸಿಕ್ಕರೆ ಒಂದು ಚೊಂಬು ನೀರು ಹೊಯ್ದು, ಬೆಳಕು ಓರೆಯಾಗಿ ಬೀಳುವ ಸಂಜೆಯ ಹೊತ್ತಿನಲ್ಲಿ ಫೋಟೋ ತೆಗೆಯಿರಿ. ಅಕ್ಷರಗಳು ಆಗ ಚೆನ್ನಾಗಿ ಕಾಣುತ್ತವೆ.