ಯಕೃತ್ತಿನ ಕ್ಯಾನ್ಸರ್ ಅಲ್ಲದ ಗಡ್ಡೆಗಳು: ರೋಗನಿರ್ಣಯದ ತೊಡಕುಗಳು

ಹೊಸನಗರ ತಾಲ್ಲೂಕಿನ ಹುಲಿಕಲ್‌ನಂತಹ ಘಟ್ಟದ ಅಂಚಿನ ಊರುಗಳಿಂದ ಹೊಟ್ಟೆನೋವು ಅಥವಾ ಪಿತ್ತಕೋಶದ ಕಲ್ಲಿನ ಸಂಶಯದಿಂದ ಸ್ಕ್ಯಾನಿಂಗ್‌ಗೆ ಹೋದವರ ವರದಿಯಲ್ಲಿ, ಯಕೃತ್ತಿನಲ್ಲಿ ಗಡ್ಡೆ ಇದೆ ಎಂಬ ಅನಿರೀಕ್ಷಿತ ಸಾಲು ಕಾಣಿಸುವುದುಂಟು. ಗಡ್ಡೆ ಎಂದೊಡನೆ ಕ್ಯಾನ್ಸರ್ ಎಂದು ಹೆದರುವುದು ಸಹಜ. ಆದರೆ ಮೊದಲಿನಿಂದ ಯಕೃತ್ತಿನ ಕಾಯಿಲೆ ಇಲ್ಲದವರಲ್ಲಿ ಹೀಗೆ ಆಕಸ್ಮಿಕವಾಗಿ ಕಂಡುಬರುವ ಗಡ್ಡೆಗಳ ಬಹುಪಾಲು ಕ್ಯಾನ್ಸರ್ ಆಗಿರುವುದಿಲ್ಲ. ಯಾವುದನ್ನು ಹಾಗೆಯೇ ಬಿಡಬಹುದು, ಯಾವುದನ್ನು ಬಿಡಬಾರದು ಎಂದು ನಿರ್ಧರಿಸುವುದೇ ಕಷ್ಟದ ಕೆಲಸ. ನಿರ್ಣಯ ತಪ್ಪಿದಲ್ಲಿ ಒಂದೋ ಅನಗತ್ಯ ಶಸ್ತ್ರಚಿಕಿತ್ಸೆ, ಇಲ್ಲವೇ ಸಕಾಲದಲ್ಲಿ ಗುರುತಿಸದೆ ಹೋದ ಕ್ಯಾನ್ಸರ್.

ಅಲ್ಟ್ರಾಸೌಂಡ್ ಗಡ್ಡೆ ಇರುವುದನ್ನು ತೋರಿಸುತ್ತದೆ. ಅದು ಯಾವ ಗಡ್ಡೆ ಎಂಬುದನ್ನು ಎಲ್ಲ ಸಂದರ್ಭಗಳಲ್ಲಿಯೂ ಹೇಳಲಾರದು. ಯಕೃತ್ತಿಗೆ ಸುಮಾರು ಮುಕ್ಕಾಲು ಪಾಲು ರಕ್ತ ಕರುಳಿನ ಕಡೆಯ ಪೋರ್ಟಲ್ ಅಭಿಧಮನಿಯಿಂದಲೂ ಉಳಿದದ್ದು ಅಪಧಮನಿಯಿಂದಲೂ ಬರುತ್ತದೆ. ಯಕೃತ್ತಿನ ಕ್ಯಾನ್ಸರ್ ಹೆಚ್ಚಾಗಿ ಅಪಧಮನಿಯ ರಕ್ತದಿಂದಲೇ ಬೆಳೆಯುತ್ತದೆ. ಆದುದರಿಂದ ರಕ್ತನಾಳಕ್ಕೆ ಬಣ್ಣದ ಔಷಧ ನೀಡಿ, ಅದು ಗಡ್ಡೆಯನ್ನು ಯಾವಾಗ ಹೊಕ್ಕಿತು, ಯಾವಾಗ ಹೊರಬಿತ್ತು ಎಂಬುದನ್ನು ಸಿ.ಟಿ. ಅಥವಾ ಎಂ.ಆರ್.ಐ. ಮೂಲಕ ಹಂತ ಹಂತವಾಗಿ ಚಿತ್ರಿಸಲಾಗುತ್ತದೆ.

ಅತ್ಯಂತ ಸಾಮಾನ್ಯವಾದುದು ರಕ್ತನಾಳಗಳ ಗಂಟಾದ ಹೆಮಾಂಜಿಯೋಮಾ. ಔಷಧ ಅದರ ಅಂಚಿನಿಂದ ಆರಂಭಿಸಿ ನಿಧಾನವಾಗಿ ಒಳಕ್ಕೆ ತುಂಬುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಇದು ಬೆಳ್ಳಗೆ ಕಾಣಬೇಕು. ಯಕೃತ್ತಿನಲ್ಲಿ ಕೊಬ್ಬು ತುಂಬಿದವರಲ್ಲಿ ಮಾತ್ರ ಕಪ್ಪಾಗಿ ಕಂಡು ಸಂಶಯ ಮೂಡಿಸುತ್ತದೆ. ಸಾಮಾನ್ಯವಾಗಿ ಇದಕ್ಕೆ ಚಿಕಿತ್ಸೆ ಬೇಕಿಲ್ಲ.

ಎರಡನೆಯದಾದ ಫೋಕಲ್ ನಾಡ್ಯುಲರ್ ಹೈಪರ್‌ಪ್ಲೇಸಿಯಾ ಹೆಚ್ಚಾಗಿ ಮಹಿಳೆಯರಲ್ಲಿ ಕಂಡುಬರುತ್ತದೆ. ಇದು ಕ್ಯಾನ್ಸರ್ ಆಗಿ ಮಾರ್ಪಡುವುದಿಲ್ಲ. ತೊಡಕು ಇರುವುದು ಇದನ್ನು ಅಡಿನೋಮಾದಿಂದ ಬೇರ್ಪಡಿಸುವಲ್ಲಿ, ಏಕೆಂದರೆ ಅಡಿನೋಮಾ ಒಡೆದು ರಕ್ತಸ್ರಾವವಾಗಬಹುದು; ಅಪರೂಪಕ್ಕೆ ಕ್ಯಾನ್ಸರ್‌ಗೂ ತಿರುಗಬಹುದು. ಅಡಿನೋಮಾಕ್ಕೂ ಗರ್ಭನಿರೋಧಕ ಮಾತ್ರೆಗೂ ಇರಬಹುದಾದ ನಂಟನ್ನು ವೈದ್ಯರು 1973ರಲ್ಲಿ ಗುರುತಿಸಿದರು. ಆಗಿನ ಮಾತ್ರೆಗಳಲ್ಲಿ ಹಾರ್ಮೋನಿನ ಪ್ರಮಾಣ ಹೆಚ್ಚಿತ್ತು. ಇಂದಿನ ಮಾಲಾ-ಎನ್‌ನಂತಹ ಮಾತ್ರೆಗಳಲ್ಲಿ ಅದು ಕಡಿಮೆ. ಗಡ್ಡೆಯ ಭಯದಿಂದ ಯಾರೂ ತಾವಾಗಿ ಮಾತ್ರೆ ನಿಲ್ಲಿಸುವ ಅಗತ್ಯವಿಲ್ಲ. ಆದರೆ ಅಡಿನೋಮಾ ಎಂದು ಖಚಿತವಾದಲ್ಲಿ ವೈದ್ಯರು ಮಾತ್ರೆ ನಿಲ್ಲಿಸಿ, ಆರು ತಿಂಗಳ ನಂತರ ಮತ್ತೆ ಸ್ಕ್ಯಾನ್ ಮಾಡಿಸುತ್ತಾರೆ. ಆಗಲೂ 5 ಸೆಂ.ಮೀ. ಅಥವಾ ಅದಕ್ಕಿಂತ ದೊಡ್ಡದಾಗಿದ್ದರೆ, ಇಲ್ಲವೇ ಬೆಳೆಯುತ್ತಿದ್ದರೆ, ತೆಗೆಯುವಂತೆ ಸೂಚಿಸಲಾಗುತ್ತದೆ. ಪುರುಷರಲ್ಲಿ ಕ್ಯಾನ್ಸರ್‌ನ ಅಪಾಯ ಹೆಚ್ಚಿರುವುದರಿಂದ ಗಾತ್ರವನ್ನು ಲೆಕ್ಕಿಸದೆ ತೆಗೆಯುವುದು ರೂಢಿ. ದೇಹ ಬೆಳೆಸಲು ಸ್ಟೀರಾಯ್ಡ್ ಸೇವಿಸುವವರು ಆ ವಿಷಯವನ್ನು ವೈದ್ಯರಿಂದ ಮುಚ್ಚಿಡಬಾರದು.

ಸೂಜಿಯಿಂದ ತುಣುಕು ತೆಗೆದು ಪರೀಕ್ಷಿಸಿದರೆ ಎಲ್ಲವೂ ತಿಳಿಯುತ್ತದೆ ಎಂಬುದು ಸಾಮಾನ್ಯ ನಂಬಿಕೆ. ರಕ್ತ ತುಂಬಿದ ಗಡ್ಡೆಗೆ ಸೂಜಿ ಹಾಕಿದರೆ ರಕ್ತಸ್ರಾವದ ಸಂಭವವಿದೆ. ಮೇಲಾಗಿ ಅಡಿನೋಮಾ ಮತ್ತು ಆರಂಭಿಕ ಕ್ಯಾನ್ಸರ್‌ಗಳ ಜೀವಕೋಶಗಳು ಒಂದನ್ನೊಂದು ಹೋಲುವುದರಿಂದ ಸಣ್ಣ ತುಣುಕು ಸಾಲದೆಯೂ ಹೋಗಬಹುದು. ಎ.ಎಫ್.ಪಿ. ರಕ್ತಪರೀಕ್ಷೆ ಸಹಜವಾಗಿದ್ದ ಮಾತ್ರಕ್ಕೆ ಕ್ಯಾನ್ಸರ್ ಇಲ್ಲ ಎನ್ನಲಾಗದು. ಜ್ವರದೊಂದಿಗೆ ಬರುವ ಕೀವಿನ ಬಾವು ಕೂಡ ಚಿತ್ರದಲ್ಲಿ ಗಡ್ಡೆಯಂತೆಯೇ ತೋರಬಹುದು. ಹೆಪಟೈಟಿಸ್-ಬಿ ಸೋಂಕು ಅಥವಾ ಸಿರೋಸಿಸ್ ಇರುವವರಲ್ಲಂತೂ ಹೊಸ ಗಡ್ಡೆಯನ್ನು ಪೂರ್ಣ ತಪಾಸಣೆಯಾಗುವವರೆಗೆ ನಿರಪಾಯಕಾರಿ ಎಂದು ಭಾವಿಸುವಂತಿಲ್ಲ.

ಹೀಗಾಗಿ ರೋಗಿಯ ಪೂರ್ವವೃತ್ತಾಂತ ಮತ್ತು ಹಳೆಯ ಚಿತ್ರಗಳಿಗೆ ಹೆಚ್ಚಿನ ಬೆಲೆಯಿದೆ. ಎರಡು ವರ್ಷ ಹಿಂದಿನ ಚಿತ್ರದಲ್ಲಿಯೂ ಗಡ್ಡೆ ಅಷ್ಟೇ ಇತ್ತು ಎಂಬ ಮಾಹಿತಿ ಹಲವು ಪರೀಕ್ಷೆಗಳನ್ನು ತಪ್ಪಿಸಬಲ್ಲದು. ಹುಲಿಕಲ್ ಭಾಗದವರು ಒಮ್ಮೆ ಘಟ್ಟದ ಮೇಲೆ ಶಿವಮೊಗ್ಗಕ್ಕೆ, ಇನ್ನೊಮ್ಮೆ ಘಟ್ಟ ಇಳಿದು ಹೊಸಂಗಡಿ ಮಾರ್ಗವಾಗಿ ಕುಂದಾಪುರ, ಮಣಿಪಾಲಗಳಿಗೆ ಹೋಗುವುದುಂಟು. ಒಂದು ಕಡೆಯ ಫಿಲ್ಮು ಇನ್ನೊಂದು ಕಡೆಗೆ ತಲುಪುವುದೇ ಇಲ್ಲ. ಮಲೆನಾಡಿನ ಮಳೆಗಾಲದ ಥಂಡಿಗೆ ಫಿಲ್ಮುಗಳು ಅಂಟಿಕೊಂಡು ಹಾಳಾಗುವುದರಿಂದ, ವರದಿಯೊಂದಿಗೆ ಚಿತ್ರಗಳ ಸಿ.ಡಿ.ಯನ್ನೂ ಕೇಳಿ ಪಡೆದು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಳ್ಳುವುದು ಸೂಕ್ತ.

ಗಡ್ಡೆ ಇದೆ ಎಂದು ಗೊತ್ತಿರುವವರಿಗೆ ಹೊಟ್ಟೆಯ ಬಲ ಮೇಲ್ಭಾಗದಲ್ಲಿ ಹಠಾತ್ತನೆ ತೀವ್ರ ನೋವು, ತಲೆಸುತ್ತು, ಬೆವರು ಕಾಣಿಸಿಕೊಂಡಲ್ಲಿ ಒಳಗೆ ರಕ್ತಸ್ರಾವವಾಗಿರುವ ಸಂಭವವಿದೆ. ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡತಕ್ಕದ್ದು.