ಆಟದ ಹೆಚ್ಚುವರಿ ಅಧ್ಯಾಯ: ತಪ್ಪು ಕಲ್ಪನೆಯೂ ಸತ್ಯವೂ

ತೇಯಿಲೆಯ ಹಸಿರೆಲೆ ಮಾರಿ ಬಂದ ಹಣದಿಂದ ಸಂಸಾರ ಸಾಗಿಸುವ ಇತ್ತಲಾರಿನಂತಹ ನೀಲಗಿರಿಯ ಹಟ್ಟಿಗಳಲ್ಲಿ, ಒಮ್ಮೆ ಪೂರ್ಣ ಬೆಲೆ ತೆತ್ತು ಕೊಂಡ ವಿಡಿಯೋ ಗೇಮಿನ ಹೆಚ್ಚುವರಿ ಅಧ್ಯಾಯಕ್ಕಾಗಿ ಮಗನು ಮತ್ತೆ ಹಣ ಕೇಳಿದಾಗ, ಮೊದಲೇ ಕೊಡಬೇಕಾಗಿದ್ದ ಭಾಗವನ್ನು ಕತ್ತರಿಸಿಟ್ಟು ಮಾರುವ ವಂಚನೆಯಿದೆಂದು ತಂದೆಗೆ ತೋರುವುದು ಸಹಜವೇ ಸರಿ. ಆದರೆ ಈ ಶಂಕೆಗೆ ಎಲ್ಲೆಡೆಯೂ ಆಧಾರವಿಲ್ಲ.

1999ರಲ್ಲಿ ಹುಟ್ಟಿದ ‘ಏಜ್ ಆಫ್ ಎಂಪೈರ್ಸ್ 2’ ಎಂಬ ಆಟಕ್ಕೆ, 2019ರ ಪರಿಷ್ಕೃತ ಆವೃತ್ತಿಯ ತರುವಾಯ, 2022ರ ಏಪ್ರಿಲ್‌ನಲ್ಲಿ ‘ಡೈನಾಸ್ಟೀಸ್ ಆಫ್ ಇಂಡಿಯಾ’ ಎಂಬ ವಿಸ್ತರಣೆ ಬಂದಿತು. ಬಂಗಾಳಿ, ಗುರ್ಜರ, ದ್ರಾವಿಡ ಎಂಬ 3 ನಾಗರಿಕತೆಗಳನ್ನೂ ರಾಜೇಂದ್ರ ಚೋಳನ ದಿಗ್ವಿಜಯದ ಕಥೆಯನ್ನೂ ಒಳಗೊಂಡ ಈ ಭಾಗವು, ಮೂಲದ ಆಟ ಹೊರಬಂದು ಎರಡು ದಶಕಗಳು ಕಳೆದ ಮೇಲೆ ಹೊಸ ದುಡಿಮೆಯಿಂದ ರಚಿತವಾದುದಾದ್ದರಿಂದ, ಅದಕ್ಕೆ ಬೇರೆ ಬೆಲೆ ಕೇಳುವುದು ನ್ಯಾಯವೇ ಆಗಿದೆ.

ಇನ್ನೊಂದು ಕಲ್ಪನೆ ಇದಕ್ಕಿಂತ ಸೂಕ್ಷ್ಮವಾದುದು. ಕೊಳ್ಳದವನ ಕಂಪ್ಯೂಟರಿನಲ್ಲಿಯೂ ಆ ಭಾಗದ ಕಡತಗಳಿರುವುದರಿಂದ, ನಮ್ಮಲ್ಲಿಯೇ ಇರುವ ವಸ್ತುವಿಗೆ ಬೀಗ ಹಾಕಿ ಕೀಲಿಕೈಯನ್ನು ಮಾರುತ್ತಿದ್ದಾರೆಂದು ಹಲವರು ಆಕ್ಷೇಪಿಸುತ್ತಾರೆ. ಆದರೆ ವಿಸ್ತರಣೆಯನ್ನು ಕೊಂಡವನು ದ್ರಾವಿಡ ಸೇನೆಯೊಡನೆ ಕಣಕ್ಕಿಳಿದಾಗ, ಕೊಳ್ಳದ ಎದುರಾಳಿಯ ಪರದೆಯ ಮೇಲೂ ಆ ಸೇನೆಯ, ಉರುಮಿಯೆಂಬ ಬಳುಕುವ ಕತ್ತಿ ಹಿಡಿದ ಭಟರು ಕಾಣಿಸಲೇಬೇಕು. ಕಡತಗಳಿಲ್ಲದಿದ್ದರೆ ಇಬ್ಬರೂ ಕೂಡಿ ಆಡುವುದೇ ಅಸಾಧ್ಯ. ಕೊಳ್ಳದ ಬಡ ಹುಡುಗನನ್ನು ಗೆಳೆಯರ ಆಟದಿಂದ ಹೊರಗಿಡದ ಈ ಏರ್ಪಾಟನ್ನು ನಾನು ಮನಃಪೂರ್ವಕವಾಗಿ ಮೆಚ್ಚುತ್ತೇನೆ. 2012ರ ‘ಸ್ಟ್ರೀಟ್ ಫೈಟರ್ ಎಕ್ಸ್ ಟೆಕ್ಕನ್’ ಆಟದ ಮಾತು ಬೇರೆ: ಮಾರ್ಚ್‌ನಲ್ಲಿ ಮಾರಿದ ಡಿಸ್ಕಿನೊಳಗೇ 12 ಪಾತ್ರಗಳನ್ನು ಅಡಗಿಸಿಟ್ಟು, ತಿಂಗಳುಗಳ ಅನಂತರ ಅವುಗಳಿಗೇ ಪ್ರತ್ಯೇಕ ಬೆಲೆ ಪಡೆದಾಗ ಆಟಗಾರರು ಕೆರಳಿದುದು ಯುಕ್ತವಾಗಿತ್ತು.

ಹೆಚ್ಚುವರಿಯೆಲ್ಲಕ್ಕೂ ಹಣ ತೆರಲೇಬೇಕೆಂಬುದೂ ನಿಜವಲ್ಲ. 2015ರ ‘ದಿ ವಿಚರ್ 3’ 16 ಕಿರು ಭಾಗಗಳನ್ನು ಉಚಿತವಾಗಿ ಕೊಟ್ಟು, ಎರಡು ದೊಡ್ಡ ವಿಸ್ತರಣೆಗಳಿಗೆ ಮಾತ್ರ ಬೆಲೆ ಕಟ್ಟಿತು.

ತಮಿಳುನಾಡಿನ 2022ರ ಆನ್‌ಲೈನ್ ಆಟಗಳ ಕಾಯಿದೆ ಇಂತಹ ಖರೀದಿಯನ್ನೂ ನಿಷೇಧಿಸಿದೆಯೆಂದು ಭಾವಿಸುವವರುಂಟು. ಆದರೆ ಅದರ ಗುರಿ ಆನ್‌ಲೈನ್ ಜೂಜು. ನಿಶ್ಚಿತ ಬೆಲೆಗೆ ನಿಶ್ಚಿತ ಅಧ್ಯಾಯವನ್ನು ಕೊಳ್ಳುವುದರಲ್ಲಿ ಪಣವೆಂಬುದೇ ಇಲ್ಲ. ತಂದೆತಾಯಿಗಳು ನಿಜವಾಗಿ ಎಚ್ಚರ ವಹಿಸಬೇಕಾದುದು, ಒಳಗೇನಿದೆಯೆಂದು ತಿಳಿಸದೆಯೇ ಹಣ ಪಡೆದು ಅದೃಷ್ಟಕ್ಕೆ ತಕ್ಕಂತೆ ವಸ್ತು ಕೊಡುವ ‘ಲೂಟ್ ಬಾಕ್ಸ್’ಗಳ ವಿಷಯದಲ್ಲಿ. ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಆಯೋಗವು 2018ರಲ್ಲಿ, ‘ಫಿಫಾ 18’ ಸೇರಿದಂತೆ ಕೆಲವು ಆಟಗಳ ಇಂತಹ ಪೆಟ್ಟಿಗೆಗಳನ್ನು ಜೂಜೆಂದೇ ನಿರ್ಣಯಿಸಿತು. ಮರುವರ್ಷದ ಜನವರಿಯ ಅಂತ್ಯದೊಳಗೆ ಫಿಫಾ ಆಟವನ್ನು ಹೊರತರುತ್ತಿದ್ದ ಇಎ ಕಂಪನಿಯು, ಆ ಪೆಟ್ಟಿಗೆಗಳನ್ನು ಕೊಳ್ಳಲು ಬಳಸುವ ಫಿಫಾ ಪಾಯಿಂಟ್‌ಗಳ ಮಾರಾಟವನ್ನು ಆ ದೇಶದಲ್ಲಿ ನಿಲ್ಲಿಸಬೇಕಾಯಿತು.