ಉಗ್ರಾಣದಲ್ಲೊಬ್ಬ ದುಭಾಷಿ

ಮೊಮ್ಮಗಳ ನಾಮಕರಣದ ವಿಡಿಯೊ ಮೊಬೈಲ್‌ನಲ್ಲಿ ಸೊಗಸಾಗಿ ಓಡುತ್ತದೆ. ಅಜ್ಜಿಗೆ ದೊಡ್ಡದಾಗಿ ಕಾಣಲಿ ಎಂದು ಪೆನ್‌ಡ್ರೈವ್‌ಗೆ ತುಂಬಿ ಹಳೆಯ ಟಿವಿಯ ಬೆನ್ನಿಗೆ ಚುಚ್ಚಿದರೆ ಪುರೋಹಿತರ ಮಂತ್ರ ಕೇಳಿಸುತ್ತದೆ, ಮಗು ಮಾತ್ರ ಕಾಣಿಸುವುದಿಲ್ಲ.

ಕೆಟ್ಟಿರುವುದು ಪೆನ್‌ಡ್ರೈವ್ ಅಲ್ಲ, ವಿಡಿಯೊವೂ ಅಲ್ಲ. ಕ್ಯಾಮೆರಾ ಕಂಡದ್ದನ್ನೆಲ್ಲ ಹಾಗೆಹಾಗೇ ಇಟ್ಟರೆ ಯಾವ ಡಿಸ್ಕೂ ಸಾಲದು. ಆದ್ದರಿಂದ ವಿಡಿಯೊವನ್ನು ಗಣಿತದ ಸೂತ್ರಗಳಿಂದ ಹಿಂಡಿ ಇಡುತ್ತಾರೆ, ನೋಡುವಾಗ ಬಿಡಿಸುತ್ತಾರೆ. ಈ ವಿಧಾನದ ಹೆಸರು ಕೋಡೆಕ್. 2003ರಲ್ಲಿ ಬಂದ ಎಚ್.264 ಬಹುತೇಕ ಎಲ್ಲ ಸ್ಮಾರ್ಟ್ ಟಿವಿಗಳಿಗೂ ಗೊತ್ತು. 2013ರ ಎಚ್.265, ಅಂದರೆ ಎಚ್‌ಇವಿಸಿ, ಹೆಚ್ಚುಕಡಿಮೆ ಅದೇ ಗುಣಮಟ್ಟವನ್ನು ಅರ್ಧ ಜಾಗದಲ್ಲಿ ಹಿಡಿಸುತ್ತದೆ. 2017ರಿಂದ ಈಚಿನ ಐಫೋನ್‌ಗಳು ಸಾಮಾನ್ಯವಾಗಿ ಇದರಲ್ಲೇ ಚಿತ್ರೀಕರಿಸುತ್ತವೆ. 2018ರಲ್ಲಿ ಎವಿ1 ಬಂತು. ಹಳೆಯ ಟಿವಿಗೆ ಈ ಹೊಸ ಭಾಷೆಗಳು ಬಾರವು.

ಮನೆಯ ಸಿನಿಮಾ, ಮದುವೆ ವಿಡಿಯೊ, ಫೋಟೊಗಳನ್ನೆಲ್ಲ ಒಂದೇ ಕಡೆ ಇಟ್ಟು ಟಿವಿ, ಟ್ಯಾಬ್, ಮೊಬೈಲ್ ಯಾವುದರಲ್ಲಾದರೂ ನೋಡಲು ಬಳಸುವ ಪೆಟ್ಟಿಗೆಯೇ ನ್ಯಾಸ್, ಅಂದರೆ ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್. ಬೂಟಿನ ಡಬ್ಬಿಗಿಂತ ಚಿಕ್ಕದು; ಒಳಗೆ ಹಾರ್ಡ್ ಡಿಸ್ಕ್ ಕೂರಿಸಲು ಒಂದೆರಡು ಗೂಡು, ಒಂದು ಪುಟ್ಟ ಕಂಪ್ಯೂಟರ್. ವೈರಿನಿಂದ ರೌಟರ್‌ಗೆ ಸಿಕ್ಕಿಸಿದರೆ ಹಗಲಿರುಳೂ ಎಚ್ಚರವಾಗಿರುತ್ತದೆ. ಕೊಳ್ಳಲು ಹೋದವರು ಮೊದಲು ಯೋಚಿಸುವುದು ಎಷ್ಟು ಟಿಬಿ ಬೇಕು ಎಂದು. ಮೊದಲು ನೋಡಬೇಕಾದದ್ದು ಮನೆಯಲ್ಲಿರುವ ಟಿವಿಯನ್ನು.

ಏಕೆಂದರೆ ಡಿಸ್ಕಿನ ವೇಗ ಇಲ್ಲಿ ಸಮಸ್ಯೆಯೇ ಅಲ್ಲ. ಮನೆಗೆ ತರಬಹುದಾದ ಅತಿ ಭಾರದ ಸಿನಿಮಾ ಎಂದರೆ 4ಕೆ ಬ್ಲೂ-ರೇ. ಅದು ಗರಿಷ್ಠವೆಂದರೆ ಸೆಕೆಂಡಿಗೆ 128 ಮೆಗಾಬಿಟ್ ಬೇಡುತ್ತದೆ. ಎಂಟು ಬಿಟ್‌ಗೆ ಒಂದು ಬೈಟ್. ಅಲ್ಲಿಗೆ ಸೆಕೆಂಡಿಗೆ 16 ಮೆಗಾಬೈಟ್. ಸಾಧಾರಣ ಹಾರ್ಡ್ ಡಿಸ್ಕ್ ಸಲೀಸಾಗಿ 100 ಮೆಗಾಬೈಟ್ ಮೀರಿ ಕೊಡಬಲ್ಲದು. ಗಿಗಾಬಿಟ್ ವೈರೂ ಅಷ್ಟನ್ನು ಸಾಗಿಸುತ್ತದೆ. ಇಕ್ಕಟ್ಟಿರುವುದು ಕೊನೆಯ ಗೇಣಿನಲ್ಲಿ: ಎಷ್ಟೋ ಸ್ಮಾರ್ಟ್ ಟಿವಿಗಳ ವೈರ್ ಕಿಂಡಿ 100 ಮೆಗಾಬಿಟ್‌ಗೆ ನಿಂತುಬಿಡುತ್ತದೆ. ಅಂಥ ಟಿವಿಗೆ ಅದೇ ಕೋಣೆಯ 5 ಗಿಗಾಹರ್ಟ್ಸ್ ವೈಫೈ ವೈರಿಗಿಂತ ವೇಗವಾಗಿರುವುದೂ ಉಂಟು. ಎರಡು ಗೋಡೆ ದಾಟಬೇಕಾದರೆ ಲೆಕ್ಕ ಬೇರೆ.

ಇನ್ನು ಭಾಷೆಯ ತೊಡಕು. ಟಿವಿಗೆ ಕೋಡೆಕ್ ಗೊತ್ತಿದ್ದರೆ ನ್ಯಾಸ್ ಬರೀ ಉಗ್ರಾಣದ ಕೆಲಸ ಮಾಡುತ್ತದೆ. ಕೇಳಿದ ಫೈಲನ್ನು ಎತ್ತಿ ಕೊಟ್ಟರಾಯಿತು. ಇದೇ ಡೈರೆಕ್ಟ್ ಪ್ಲೇ. ಗೊತ್ತಿಲ್ಲದಿದ್ದರೆ ಅದು ದುಭಾಷಿಯಾಗಬೇಕು: ವಿಡಿಯೊ ಓಡುತ್ತಿರುವಾಗಲೇ ಒಂದು ಕೋಡೆಕ್ಕಿನಿಂದ ಬಿಡಿಸಿ ಇನ್ನೊಂದರಲ್ಲಿ ಹಿಂಡಿ ಕಳಿಸಬೇಕು. ಇದು ಟ್ರಾನ್ಸ್‌ಕೋಡಿಂಗ್. 4ಕೆ ಚಿತ್ರದ ಒಂದು ಚೌಕಟ್ಟಿನಲ್ಲಿ ಸುಮಾರು 83 ಲಕ್ಷ ಚುಕ್ಕೆಗಳು, ಸೆಕೆಂಡಿಗೆ 24 ಚೌಕಟ್ಟು. ಪ್ರತಿ ಸೆಕೆಂಡಿಗೂ ಸುಮಾರು 20 ಕೋಟಿ ಚುಕ್ಕೆಗಳ ಅನುವಾದ! ದುಭಾಷಿ ತಡವರಿಸಿದರೆ ಪರದೆಯ ಮೇಲೆ ಚಕ್ರ ತಿರುಗುತ್ತದೆ.

ಅಗ್ಗದ ನ್ಯಾಸ್‌ಗಳಲ್ಲಿ ಬೆಲೆಯ ವ್ಯತ್ಯಾಸ ಹುಟ್ಟುವುದರಲ್ಲಿ ಈ ಅನುವಾದದ ಸಾಮರ್ಥ್ಯಕ್ಕೂ ಪಾಲಿದೆ. ನ್ಯಾಸ್ ತಯಾರಿಸುವ ಸಿನಾಲಜಿ ಕಂಪನಿಯ ಎರಡು ಗೂಡಿನ ಎರಡು ಮಾದರಿಗಳನ್ನೇ ನೋಡಬಹುದು. ಡಿಎಸ್223ಜೆಯಲ್ಲಿ ರಿಯಲ್‌ಟೆಕ್ ಚಿಪ್, 1 ಜಿಬಿ ರ‍್ಯಾಮ್. ಡಿಎಸ್224+ನಲ್ಲಿ ಇಂಟೆಲ್ ಸೆಲೆರಾನ್ ಜೆ4125, 2 ಜಿಬಿ ರ‍್ಯಾಮ್. ಎರಡನೆಯದರ ಚಿಪ್ಪಿನೊಳಗೆ ವಿಡಿಯೊ ಅನುವಾದಕ್ಕೆಂದೇ ಪ್ರತ್ಯೇಕ ಸರ್ಕ್ಯೂಟ್ ಇದೆ. ಇಂಟೆಲ್ 2011ರಿಂದ ತನ್ನ ಚಿಪ್‌ಗಳಿಗೆ ಸೇರಿಸುತ್ತ ಬಂದ ಕ್ವಿಕ್ ಸಿಂಕ್ ಅದು. ಇಂಥ ಸರ್ಕ್ಯೂಟ್ ಇದ್ದರೂ, ನ್ಯಾಸ್‌ನಿಂದ ಟಿವಿಗೆ ವಿಡಿಯೊ ಬಡಿಸುವ ಪ್ಲೆಕ್ಸ್ ತಂತ್ರಾಂಶದಲ್ಲಿ ಅದನ್ನು ಬಳಸಲು ಹಣ ಕಟ್ಟಬೇಕು. ಎಂಬಿ ಎಂಬ ಅಂಥದೇ ತಂತ್ರಾಂಶದಿಂದ 2018ರ ಕೊನೆಯಲ್ಲಿ ಕವಲೊಡೆದ ಜೆಲ್ಲಿಫಿನ್ ಪೂರ್ತಿ ಉಚಿತ.

ಕೋಡೆಕ್ ಸರಿಯಿದ್ದರೂ ಸಬ್‌ಟೈಟಲ್ ಕೈಕೊಡಬಹುದು. ಬ್ಲೂ-ರೇ ಡಿಸ್ಕಿನ ಸಬ್‌ಟೈಟಲ್‌ಗಳು ಅಕ್ಷರಗಳಲ್ಲ, ಪುಟ್ಟ ಚಿತ್ರಗಳು. ಅವನ್ನು ತೋರಿಸಲು ಟಿವಿಗೆ ಬಾರದಿದ್ದರೆ ನ್ಯಾಸ್ ಅವನ್ನು ಚಿತ್ರದ ಮೇಲೆಯೇ ಅಚ್ಚೊತ್ತಿ ಇಡೀ ಸಿನಿಮಾವನ್ನು ಹೊಸದಾಗಿ ಹಿಂಡಬೇಕು. ಕೆಳಗಿನ ಎರಡು ಸಾಲಿಗಾಗಿ ಇಷ್ಟು ಪಾಡು.

ದುಭಾಷಿಗೆ ಸಂಬಳ ಕೊಡುವ ಬದಲು ಕೇಳುವವನಿಗೇ ಭಾಷೆ ಕಲಿಸುವ ದಾರಿಯೂ ಇದೆ. ಎಚ್‌ಇವಿಸಿ ಬಲ್ಲ 4ಕೆ ಸ್ಟ್ರೀಮಿಂಗ್ ಸ್ಟಿಕ್ ಒಂದನ್ನು ಟಿವಿಯ ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸಿದರೆ ಬಹುಪಾಲು ಅನುವಾದ ತಪ್ಪುತ್ತದೆ. ಆಗ ಅಗ್ಗದ ನ್ಯಾಸ್ ಧಾರಾಳವಾಗಿ ಸಾಕು.

ಡಿಸ್ಕಿನ ಆಯ್ಕೆಯಲ್ಲೂ ಒಂದು ಗುಟ್ಟಿದೆ. ಎಸ್‌ಎಂಆರ್ ಎಂಬ ಬಗೆಯಲ್ಲಿ ದತ್ತಾಂಶದ ಪಟ್ಟಿಗಳು ಮಾಡಿನ ಹಂಚುಗಳಂತೆ ಒಂದರ ಮೇಲೊಂದು ಒರಗಿರುತ್ತವೆ. ನಡುವಿನ ಹಂಚು ಬದಲಿಸಲು ಮೇಲಿನವನ್ನೂ ಎತ್ತಬೇಕಾದಂತೆ, ಒಂದು ಪಟ್ಟಿ ತಿದ್ದಲು ಪಕ್ಕದವನ್ನೂ ಮತ್ತೆ ಬರೆಯಬೇಕು. ಎರಡು ಡಿಸ್ಕ್ ಜೋಡಿಸಿದ ನ್ಯಾಸ್‌ನಲ್ಲಿ ಒಂದು ಕೆಟ್ಟು ಹೊಸದಕ್ಕೆ ಎಲ್ಲವನ್ನೂ ತುಂಬುವಾಗ ಇದು ಬಹಳ ಕಾಡುತ್ತದೆ. ನ್ಯಾಸ್‌ಗೆಂದೇ ಮಾರುತ್ತಿದ್ದ ತನ್ನ ಕೆಲವು ರೆಡ್ ಡಿಸ್ಕ್‌ಗಳು ಎಸ್‌ಎಂಆರ್ ಎಂದು ವೆಸ್ಟರ್ನ್ ಡಿಜಿಟಲ್ 2020ರಲ್ಲಿ ಒಪ್ಪಿಕೊಂಡಿತು. ಪಟ್ಟಿಗಳು ಹೀಗೆ ಒರಗಿರದ ಬಗೆಗೆ ಸಿಎಂಆರ್ ಎಂದು ಹೆಸರು; ವಿವರಣೆಯಲ್ಲಿ ಹಾಗೆಂದಿರುವುದನ್ನು ಹುಡುಕಿ ಕೊಳ್ಳುವುದು ಲೇಸು.

ಎರಡು ಡಿಸ್ಕ್‌ಗಳಲ್ಲಿ ಒಂದೇ ದತ್ತಾಂಶ ಇಡುವ ಕ್ರಮವನ್ನು ರೇಡ್ 1 ಎನ್ನುತ್ತಾರೆ. ರೇಡ್ ಎಂಬ ಹೆಸರು ಬರ್ಕ್ಲಿಯ ಪ್ಯಾಟರ್‌ಸನ್, ಗಿಬ್ಸನ್ ಮತ್ತು ಕಾಟ್ಜ್ ಮಂಡಿಸಿದ 1988ರ ಪ್ರಬಂಧದಿಂದ ಜನಪ್ರಿಯವಾಯಿತು. ರೇಡ್ 1 ಡಿಸ್ಕ್ ಕೆಟ್ಟಾಗ ಕಾಯುತ್ತದೆಯೇ ಹೊರತು ಕೈತಪ್ಪಿ ಅಳಿಸಿದಾಗ ಅಲ್ಲ. ಒಂದರಲ್ಲಿ ಅಳಿಸಿದ್ದು ಅದೇ ಗಳಿಗೆಯಲ್ಲಿ ಇನ್ನೊಂದರಲ್ಲೂ ಅಳಿಯುತ್ತದೆ. ಹೊರಗಿನ ಅಪಾಯವೂ ಉಂಟು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ಸುಲಿಗೆ ತಂತ್ರಾಂಶ, ಇಂಟರ್ನೆಟ್‌ಗೆ ನೇರವಾಗಿ ತೆರೆದಿದ್ದ ಕ್ಯೂನ್ಯಾಪ್ ನ್ಯಾಸ್‌ಗಳಿಗೆ ಬೀಗ ಜಡಿದು ಬಿಟ್‌ಕಾಯಿನ್ ಕೇಳಿತು. ಸಿನಿಮಾ ಹೋದರೆ ಮತ್ತೆ ಸಿಕ್ಕೀತು. ನಾಮಕರಣದ ವಿಡಿಯೊಗೆ ಬೇರೊಂದು ಡಿಸ್ಕಿನಲ್ಲಿ ಇನ್ನೊಂದು ಪ್ರತಿ ಇರಬೇಕು.

ಕರೆಂಟಿನ ಖರ್ಚು ದೊಡ್ಡದಲ್ಲ. ಸದಾ 20 ವ್ಯಾಟ್ ಎಳೆದರೂ ತಿಂಗಳಿಗೆ 14 ಯೂನಿಟ್ ಚಿಲ್ಲರೆ. ಆದರೆ ಬರೆಯುತ್ತಿರುವಾಗ ಕರೆಂಟ್ ಹೋದರೆ ಫೈಲು ಕೆಡಬಹುದು. ಒಂದು ಚಿಕ್ಕ ಯುಪಿಎಸ್ ಬೇಕು.

ಇಷ್ಟೆಲ್ಲ ಕೊಳ್ಳುವ ಮೊದಲು ಬೀರುವಿನಲ್ಲಿ ಮಲಗಿರುವ ಹಳೆಯ ಲ್ಯಾಪ್‌ಟಾಪ್ ಒಂದನ್ನು ಎಬ್ಬಿಸಬಹುದು. 2017ರ ಆಸುಪಾಸಿನ ಏಳನೇ ತಲೆಮಾರಿನ ಇಂಟೆಲ್ ಚಿಪ್ ಇದ್ದರೆ ಅದಕ್ಕೆ ಎಚ್‌ಇವಿಸಿಯೂ ಬರುತ್ತದೆ. ಬ್ಯಾಟರಿ ಇನ್ನೂ ಜೀವ ಹಿಡಿದಿದ್ದರೆ ಅದೇ ಯುಪಿಎಸ್. ಜೆಲ್ಲಿಫಿನ್ ಹಾಕಿ, ನಾಮಕರಣದ ವಿಡಿಯೊ ಸೇರಿಸಿ, ಅಜ್ಜಿಯ ಟಿವಿಯಲ್ಲಿ ಓಡಿಸಿದಾಗ ಡೈರೆಕ್ಟ್ ಪ್ಲೇ ನಡೆಯುತ್ತಿದೆಯೋ ಟ್ರಾನ್ಸ್‌ಕೋಡಿಂಗ್ ನಡೆಯುತ್ತಿದೆಯೋ ಎಂದು ಅದರ ನಿಯಂತ್ರಣ ಪುಟವೇ ತೋರಿಸುತ್ತದೆ. ಯಾವ ಪೆಟ್ಟಿಗೆ ತರಬೇಕೆಂಬುದು ಆ ಪುಟ ನೋಡಿದಾಗ ತಿಳಿಯುತ್ತದೆ. ಅಷ್ಟರಲ್ಲಿ ಅಜ್ಜಿ ವಿಡಿಯೊ ನೋಡಿ ಮುಗಿಸಿರುತ್ತಾರೆ.